ಭಾನುವಾರ ಮರ ಕೊಯ್ಯಲು ಹೊರಟವರಿಗೆ

ಪ್ರಶ್ನೆ: ನಾನು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತ. ಅಪ್ಪ ತೋಟಕ್ಕೆಂದು ತಂದ ಚೈನ್ ಸಾ ಮನೆಯಲ್ಲಿದೆ. ಭಾನುವಾರ ಊರವರ ಮರ ಕಡಿದುಕೊಡುವ, ಬೊಡ್ಡೆ ತೆಗೆದುಕೊಡುವ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ಬೊಡ್ಡೆ ಅರೆಯುವ ಮಷಿನ್‌ಗೆ ಸಾಲ ಮಾಡಬಹುದೇ? ದರ ಹೇಗೆ ಹೇಳಬೇಕು?
– ಓದುಗರು, ಹೊಸನಗರ ತಾಲೂಕು

ಉತ್ತರ: ಮಾಡಿ, ಖಂಡಿತ ಮಾಡಿ. ನಮ್ಮ ಸಾಗರ, ಹೊಸನಗರದ ಕಡೆ ಈ ಕೆಲಸಕ್ಕೆ ಬರವಿಲ್ಲ. ಏಪ್ರಿಲ್‌ನಲ್ಲಿ ಒಂದು ಗಾಳಿಮಳೆ ಜೋರಾಗಿ ಹೊಡೆದರೆ ಸಾಕು, ಮನೆ ಕಡೆ ವಾಲಿದ ಮರ ಎಲ್ಲರ ಕಣ್ಣಿಗೂ ಬೀಳುತ್ತದೆ.

ನಾನೂ ಅಡಿಕೆ ತೋಟ ನೋಡಿಕೊಳ್ಳುತ್ತಲೇ ಈ ಕೆಲಸ ಮಾಡಿಕೊಂಡು ಬಂದವನು. ದುಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮರ ಕಡಿಯುವಾಗ ಅವಸರ ಬಹಳ ಕೆಟ್ಟದ್ದು. ವಾರಕ್ಕೊಂದು ದಿನ ಮಾಡುವವರಿಗೆ ಆ ಅವಸರ ಇನ್ನೂ ಜಾಸ್ತಿ. ದಿನಾ ಇದನ್ನೇ ಮಾಡುವವನು ಗಾಳಿ ಎದ್ದರೆ 'ನಾಳೆ ಬರ್ತೀನಿ' ಅಂತ ಹಗ್ಗ ಸುತ್ತಿಕೊಂಡು ಹೋಗುತ್ತಾನೆ. ನಿಮಗೆ ನಾಳೆ ಆಫೀಸು. ಮೋಡ ಕಟ್ಟಿದ್ದರೂ ಇದೊಂದನ್ನು ಉರುಳಿಸಿಯೇಬಿಡೋಣ ಅನ್ನಿಸುತ್ತದೆ. ಅಲ್ಲೇ ಅನಾಹುತ. ಗಾಳಿ ಬಂದರೆ ಮುಂದಿನ ವಾರ ಅಂತ ಒಪ್ಪಿಕೊಳ್ಳುವಾಗಲೇ ಹೇಳಿಬಿಡಿ. ಮಧ್ಯಾಹ್ನ ಮೂರರ ಮೇಲೆ ದೊಡ್ಡ ಮರಕ್ಕೆ ಕೈ ಹಾಕಲೇಬೇಡಿ. ಅರ್ಧ ಕೊಯ್ದ ಮರವನ್ನು ರಾತ್ರಿಯಿಡೀ ನಿಲ್ಲಿಸಿ ಬರುವ ಹಾಗಿಲ್ಲ, ಅಲ್ವಾ?

ಮಷಿನ್ ಚಾಲೂ ಮಾಡುವ ಮೊದಲು ಕಾಗದ ನೋಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ತೆಂಗು, ರಬ್ಬರ್, ಗಾಳಿಮರ (ಸರ್ವೆ), ಸುಬಾಬುಲ್, ಗ್ಲಿರಿಸಿಡಿಯದಂಥ ಕೆಲವಕ್ಕೆ ವಿನಾಯಿತಿ ಇದೆ. ಹೊನ್ನೆ, ಮತ್ತಿ, ನಂದಿಗೆ ಇಲ್ಲ. ಸಾಗುವಾನಿ, ಬೀಟೆ, ಗಂಧದ ಹತ್ತಿರವಂತೂ ಅರಣ್ಯ ಇಲಾಖೆಯ ಕಾಗದ ಕಣ್ಣಾರೆ ನೋಡದೆ ಹೋಗಲೇಬೇಡಿ. ನಮ್ಮ ಕಡೆ ಇನ್ನೊಂದು ತೊಡಕಿದೆ. 'ನಮ್ಮದೇ ಬೆಟ್ಟ, ಕಡೀರಿ' ಅಂತ ಸಲೀಸಾಗಿ ಹೇಳುತ್ತಾರೆ. ಅದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕಷ್ಟೇ ಅವರದು, ಮರ ಸರ್ಕಾರದ್ದು. ಪಹಣಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ಕೇಸು ಬಿದ್ದರೆ ಕಡಿದವನ ಮಷಿನ್ನೂ ಹೋಗುತ್ತದೆ.

ಇನ್ನು ದರ. ಮರದ ದಪ್ಪ ನೋಡಿ ರೇಟು ಹೇಳುವವರೇ ಜಾಸ್ತಿ. ನಾನು ಮರ ಬೀಳುವ ಜಾಗ ನೋಡಿ ಹೇಳುತ್ತೇನೆ. ಬಯಲಲ್ಲಿ ನಿಂತ ದಪ್ಪ ನೀಲಗಿರಿ ಸುಲಭ. ಕೊಟ್ಟಿಗೆಯ ಹಂಚಿಗೂ ಕರೆಂಟ್ ತಂತಿಗೂ ನಡುವೆ ನಿಂತ ಸಣ್ಣ ಹಲಸಿಗೆ ಇಡೀ ದಿನ ಬೇಕು. ಮೇಲೆ ಹತ್ತಿ ಟೊಂಗೆ ಒಂದೊಂದಾಗಿ ಕಟ್ಟಿ ಇಳಿಸಬೇಕು. ಅದಕ್ಕೆ ಹತ್ತುವವನ ಕೂಲಿ, ಹಗ್ಗ ಹಿಡಿಯುವ ಇಬ್ಬರ ಕೂಲಿ, ಪೆಟ್ರೋಲು, ಆಯಿಲ್, ಚೈನ್ ಸವೆತ ಎಲ್ಲ ಬರೆದು ಕೂಡಿಸಿ, ನಿಮ್ಮ ದಿನದ ದುಡ್ಡನ್ನೂ ಸೇರಿಸಿ. ಮರ ತಂತಿ ಮೇಲೆ ಬೀಳುವ ಹಾಗಿದ್ದರೆ ಮೆಸ್ಕಾಂ ಕಚೇರಿಗೆ ಬರೆದುಕೊಟ್ಟು ಲೈನ್ ತೆಗೆಸಿದ ಮೇಲೆಯೇ ಕೆಲಸ. 'ಕೂಲಿಗೆ ಬದಲು ಕಟ್ಟಿಗೆ ನೀವೇ ಇಟ್ಕೊಳ್ಳಿ' ಅನ್ನುವವರಿಗೆ ಬೇಡ ಅನ್ನಿ. ನಾಟಾ ನಿಮ್ಮ ಗಾಡಿಗೆ ಏರಿದ ಕ್ಷಣದಿಂದ ಅದರ ಸಾಗಣೆ ರಹದಾರಿಯ (ಸಾಗಿಸಲು ಬೇಕಾದ ಪರವಾನಗಿ ಪತ್ರ) ತಲೆನೋವೂ ನಿಮ್ಮದೇ.

ಬೊಡ್ಡೆ ಅರೆಯುವ ಮಷಿನ್‌ಗೆ ಈಗಲೇ ಸಾಲ ಬೇಡ. ತೋಟದ ಅಂಚಲ್ಲಿ, ಬಯಲಲ್ಲಿ ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಬಂದು ಬೇರು ಸಮೇತ ಕಿತ್ತು ಹಾಕುತ್ತಾನೆ. ನಿಮ್ಮ ಮಷಿನ್ ಅವನ ಎದುರು ನಿಲ್ಲಲಾರದು. ಅದಕ್ಕೆ ಬೆಲೆ ಇರುವುದು ಜೆಸಿಬಿ ನುಗ್ಗದ ಜಾಗದಲ್ಲಿ: ಟೈಲ್ಸ್ ಹಾಕಿದ ಅಂಗಳ, ಕಾಂಪೌಂಡಿನ ಒಳಮೂಲೆ, ನೀರಿನ ಪೈಪಿನ ಪಕ್ಕ. ಅಂಥ ಕೆಲಸ ಪೇಟೆಯಲ್ಲಿ ಸಿಗುತ್ತದೆ, ಹಳ್ಳಿಯಲ್ಲಿ ಕಮ್ಮಿ. ಚಿಕ್ಕ ಪೆಟ್ರೋಲ್ ಮಷಿನ್ ನೆಲದಿಂದ ಅರ್ಧ ಅಡಿ, ಹೆಚ್ಚೆಂದರೆ ಒಂದಡಿ ಆಳ ಅರೆಯುತ್ತದೆ. ಬೇರು ಕೆಳಗೇ ಉಳಿಯುತ್ತದೆ. ಅದರ ಮೇಲೆ ಗೋಡೆ ಕಟ್ಟುವವರಿಗೆ ಇದನ್ನು ಮೊದಲೇ ಹೇಳಬೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಮಷಿನ್ನಿನ ಹಲ್ಲು ಬೇಗ ಹಾಳಾಗುತ್ತದೆ. ಅರೆಯುವ ಮೊದಲು ಗುದ್ದಲಿಯಿಂದ ಬುಡದ ಸುತ್ತ ಮಣ್ಣು ಬಿಡಿಸಿ, ಕಲ್ಲು ಆರಿಸಿ ಹಾಕಿ. ಒಂದು ವರ್ಷ ಜೆಸಿಬಿಯವರನ್ನೇ ಕರೆದು ಕೆಲಸ ಮಾಡಿಸಿ. ಅಂಗಳದ ಬೊಡ್ಡೆಗೆ ಎಷ್ಟು ಜನ ಕೇಳುತ್ತಾರೆ ಅಂತ ಬರೆದಿಡಿ. ಆಮೇಲೆ ಸಾಲದ ಮಾತು.

ಕೊಯ್ಯುವ ಕ್ರಮ ಕೈಪಳಗಿದವರ ಜೊತೆ ನಿಂತೇ ಕಲಿಯಬೇಕು. ಬೀಳಬೇಕಾದ ಕಡೆ ಮರದ ದಪ್ಪದ ಕಾಲು ಭಾಗದಷ್ಟು ಕಚ್ಚು (ಬೆಣೆಯಾಕಾರದ ಕೊಯ್ತ) ತೆಗೆಯಿರಿ. ಹಿಂದಿನಿಂದ ಕೊಯ್ಯುವಾಗ ಕಚ್ಚಿಗಿಂತ ಸ್ವಲ್ಪ ಮೇಲೆ ಕೊಯ್ಯಿರಿ. ನಡುವೆ ಒಂದು ಪಟ್ಟಿ ಕೊಯ್ಯದೆ ಉಳಿಯಬೇಕು. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ ಅದೇ ಮರವನ್ನು ಹಿಡಿದು ತಿರುಗಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ಕೊಡಲಿಯ ಹಿಂಬದಿಯಿಂದ ಕಾಂಡ ಬಡಿದು ನೋಡಿ, ಡಬಡಬ ಅಂದರೆ ಒಳಗೆ ಟೊಳ್ಳು. ಅಂಥದ್ದನ್ನು ಒಪ್ಪಬೇಡಿ. ಬೇಲಿಸಾಲಿನ ಮರದ ತೊಗಟೆಯ ಮೇಲೆ ಅಡ್ಡಗೆರೆಯಂತೆ ಉಬ್ಬು ಕಂಡರೆ ಒಳಗೆ ಹಳೆಯ ಮುಳ್ಳುತಂತಿ ಇದೆ ಅಂತಲೇ ತಿಳಿಯಿರಿ. ಒಂದೇ ತಾಗಿಗೆ ಚೈನ್ ಹೋಯಿತು.

ಲುಂಗಿ ಉಟ್ಟು, ಹವಾಯಿ ಚಪ್ಪಲಿಯಲ್ಲಿ ಮಷಿನ್ ಹಿಡಿದವರನ್ನು ಕಂಡರೆ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಹೆಲ್ಮೆಟ್, ಕನ್ನಡಕ, ಗಟ್ಟಿ ಬೂಟು ಇಲ್ಲದೆ ಕೆಲಸ ಬೇಡವೇ ಬೇಡ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ನಿಮಗೂ ಹತ್ತುವವನಿಗೂ ಬ್ಯಾಂಕಿನಲ್ಲಿ ಅದನ್ನು ಮಾಡಿಸಿಟ್ಟು ಮೊದಲ ಮರಕ್ಕೆ ಹೋಗಿ.

ಪ್ರಶ್ನೆ: ಒಣಗಿದ ಎರಡು ತೆಂಗಿನ ಮರ ಕಡಿಸಿದೆವು. ಬುಡ ಹಾಗೇ ಬಿಟ್ಟರೆ ತಾನೇ ಕೊಳೆಯುತ್ತದೆ ಅಂತಾರೆ. ಬಿಡಬಹುದೇ?
– ಓದುಗರು, ತಿಪಟೂರು

ಉತ್ತರ: ಬಿಡಬೇಡಿ ಅಮ್ಮಾ. ಮರ ಯಾಕೆ ಒಣಗಿತು ಅಂತ ಮೊದಲು ನೋಡಬೇಕು. ಬುಡದಲ್ಲಿ ಕೆಂಪು-ಕಂದು ಅಂಟು ಸೋರಿತ್ತೇ? ಅಣಬೆ ಎದ್ದಿತ್ತೇ? ಹಾಗಿದ್ದರೆ ಅದು ಅಣಬೆ ರೋಗ. ಅದರ ಶಿಲೀಂಧ್ರ ಬುಡದಲ್ಲಿ, ಬೇರಿನಲ್ಲಿ ಜೀವಂತವಾಗಿದ್ದು ಮಣ್ಣಿನ ಮೂಲಕ ಪಕ್ಕದ ಮರಕ್ಕೆ ಹೋಗುತ್ತದೆ. ಬೇರು ಸಮೇತ ಅಗೆದು ತೆಗೆಸಿ, ಅಲ್ಲೇ ಸುಟ್ಟುಬಿಡಿ, ಸುತ್ತ ಕಂದಕ ತೋಡಿಸಿ. ಇಂಥ ಬುಡಕ್ಕೆ ಅರೆಯುವ ಮಷಿನ್ ತರಿಸಬೇಡಿ, ರೋಗದ ಪುಡಿ ತೋಟದ ತುಂಬ ಹಾರುತ್ತದೆ. ರೋಗವಿಲ್ಲದ ಬುಡವಾದರೂ ಕೊಳೆಯಲು ಬಿಟ್ಟರೆ ಸುಳಿ ಕೊರೆಯುವ ಕುರುವಾಯಿ ದುಂಬಿ ಅಲ್ಲೇ ಮೊಟ್ಟೆ ಇಡುತ್ತದೆ.

ಪ್ರಶ್ನೆ: ಮನೆ ಮುಂದಿನ ಫುಟ್‌ಪಾತಿನ ಹೊಂಗೆ ಟೊಂಗೆ ಕಿಟಕಿಗೆ ಬಡಿಯುತ್ತದೆ. ನಾವೇ ಆಳು ಕರೆಸಿ ಕಡಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ. ಅದು ನಿಮ್ಮ ಮರವಲ್ಲ. ಪಾಲಿಕೆಯ ಅರಣ್ಯ ವಿಭಾಗಕ್ಕೆ ಫೋಟೊ ಸಮೇತ ಅರ್ಜಿ ಕೊಡಿ. ಟೊಂಗೆ ಸವರಿಸಿ ಅಂತಷ್ಟೇ ಬರೆಯಿರಿ, ಮರ ತೆಗೆಸಿ ಅಂತ ಬರೆಯಬೇಡಿ. ಬೇಸಿಗೆಯಲ್ಲಿ ನಿಮ್ಮ ಕಿಟಕಿಗೆ ನೆರಳು ಕೊಡುವುದು ಅದೇ ಹೊಂಗೆ.