ಚಿಕ್ಕಮಗಳೂರಲ್ಲಿ ಚಳಿಗಾಲಕ್ಕೆ ಲಾನ್ ಮೇಲೆ ರೈ ಹುಲ್ಲಿನ ಬೀಜ ಹಾಕಬೇಕಾ?

ಡಿಸೆಂಬರ್ ಬಂದರೆ ಗರಿಕೆ ಲಾನ್ ಕಂದು ತಿರುಗುತ್ತದೆ, ವಿಡಿಯೊದಲ್ಲಿ ತೋರಿಸಿದ ಹಾಗೆ ಮೇಲಿಂದ ರೈ, ಅಂದರೆ ಚಳಿಯಲ್ಲೂ ಹಸಿರಾಗಿರುವ ಹುಲ್ಲಿನ ಬೀಜ ಚೆಲ್ಲಲಾ ಅಂತ ಕೇಳಿದ್ದೀರಿ. ನಾನಾಗಿದ್ದರೆ ಚೆಲ್ಲುತ್ತಿರಲಿಲ್ಲ. ಇಲ್ಲಿನ ಹೋಂಸ್ಟೇಗಳ ಲಾನ್ ನೋಡಿಕೊಳ್ಳುವುದೇ ನನ್ನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ.

ಆ ವಿಡಿಯೊಗಳು ಅಮೆರಿಕದವೋ, ದೆಹಲಿ ಕಡೆಯವೋ ಆಗಿರುತ್ತವೆ. ಗರಿಕೆ ನಿಜವಾಗಿ ನಿದ್ದೆಗೆ ಹೋಗುವುದು, ಅಂದರೆ ಬೆಳವಣಿಗೆ ನಿಲ್ಲಿಸಿ ಕಂದಾಗುವುದು, ಮಣ್ಣು ಸುಮಾರು 10 ಡಿಗ್ರಿಗಿಂತ ತಣ್ಣಗಾದಾಗ. ನಮ್ಮೂರಲ್ಲಿ ಜನವರಿ ಬೆಳಗ್ಗೆ ಸ್ವೆಟರ್ ಬೇಕಾದರೂ ಮಧ್ಯಾಹ್ನ 25 ದಾಟುತ್ತದೆ. ಮಣ್ಣು ಅಷ್ಟು ತಣ್ಣಗಾಗುವುದಿಲ್ಲ. ಹಾಸನದಲ್ಲೂ ಅದೇ ಕಥೆ. ನಿಮ್ಮ ಹುಲ್ಲು ಮಲಗಿಲ್ಲ, ಅದಕ್ಕೆ ಬಾಯಾರಿದೆ, ಹಸಿವೂ ಆಗಿದೆ. ಮಳೆಗಾಲದಲ್ಲಿ ಗೊಬ್ಬರದ ಸತ್ವವೆಲ್ಲ ತೊಳೆದು ಹೋಗಿರುತ್ತದೆ. ಮಳೆ ನಿಂತ ಮೇಲೆ ನೀರು ಕೊಡುವುದು ಯಾರಿಗೂ ನೆನಪಿರಲ್ಲ.

ನೆಲಕ್ಕೆ ಅಂಟಿಕೊಂಡ ಒಂದು ಬಳ್ಳಿ ಎತ್ತಿ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿಯಾಗಿ ಬೆಳ್ಳಗಿದ್ದರೆ ಜೀವ ಇದೆ. ಟಕ್ ಅಂತ ಒಣಕಡ್ಡಿಯ ಹಾಗೆ ಮುರಿದರೆ ಆ ಜಾಗಕ್ಕೆ ಹೊಸ ಬಳ್ಳಿ ನೆಡಬೇಕು.

ಜೀವ ಇದ್ದರೆ ಸಾವಿರ ಚದರ ಅಡಿಗೆ ಅರ್ಧ ಕೆಜಿ ಯೂರಿಯಾ ಸಾಕು. ಬೆಳಗ್ಗೆ ಬೇಗ ಎರಚಬೇಡಿ. ಇಬ್ಬನಿಗೆ ಕಾಳು ಎಲೆಗೆ ಅಂಟಿಕೊಂಡು ಸುಟ್ಟ ಚುಕ್ಕೆ ಬೀಳುತ್ತದೆ. ಎಲೆ ಒಣಗಿದ ಮೇಲೆ ಎರಚಿ, ಕೂಡಲೇ ನೀರು ಬಿಡಿ. ಆಮೇಲೆ ವಾರಕ್ಕೆರಡು ಸಲ ಚೆನ್ನಾಗಿ ಇಳಿಯುವ ಹಾಗೆ ನೀರು, ಅದೂ ಬೆಳಗ್ಗೆ ಹೊತ್ತಲ್ಲಿ. ಸಂಜೆ ಬಿಟ್ಟರೆ ರಾತ್ರಿಯಿಡೀ ಎಲೆ ಒದ್ದೆ, ಫಂಗಸ್‌ಗೆ ಹಬ್ಬ.

ಮದುವೆಯೋ ಟೂರ್ನಮೆಂಟೋ ಇದೆ, ಕಣ್ಣಿಗೆ ಕುಕ್ಕುವ ಹಸಿರೇ ಬೇಕು ಅಂದರೆ ರೈ ಹಾಕಿ, ಬೇಡ ಅನ್ನಲ್ಲ. ನವೆಂಬರ್‌ನಲ್ಲಿ ಜೋರು ಮಳೆ ನಿಂತ ಮೇಲೆ ಹುಲ್ಲನ್ನು ಗಿಡ್ಡ ಕತ್ತರಿಸಿ, ಒಣಕಸ ಬಾಚಿ ತೆಗೆಯಿರಿ. ಬೀಜ ಮಣ್ಣಿಗೆ ತಾಗಲೇಬೇಕು. ಸಾವಿರ ಚದರ ಅಡಿಗೆ 4–5 ಕೆಜಿ ಬೀಜ ಮರಳಿನ ಜೊತೆ ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ. ಮೇಲೆ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ತೆಳ್ಳಗೆ, ಇಲ್ಲದಿದ್ದರೆ ಪಾರಿವಾಳಗಳ ಪಾಲು. ಮೊಳಕೆ ಬರುವ ತನಕ, ಅಂದರೆ 5ರಿಂದ 10 ದಿನ, ಮೇಲ್ಮಣ್ಣು ಒಣಗಲು ಬಿಡಬೇಡಿ.

ತಲೆನೋವು ಶುರುವಾಗುವುದು ಮಾರ್ಚ್‌ನಲ್ಲಿ. ಗರಿಕೆ ಚಿಗುರುವ ಹೊತ್ತಿಗೆ ರೈ ಅದರ ಬೆಳಕು, ನೀರು ಎರಡನ್ನೂ ಕಸಿದುಕೊಂಡಿರುತ್ತದೆ. ಆಮೇಲೆ ಬಿಸಿಲಿಗೆ ತಾನೂ ಸಾಯುತ್ತದೆ, ಲಾನ್ ತೇಪೆ ಹಾಕಿದ ಹಾಗೆ ಕಾಣುತ್ತದೆ. ಫೆಬ್ರವರಿ ಕೊನೆಯಿಂದಲೇ ಗಿಡ್ಡ ಕತ್ತರಿಸುತ್ತ ಬಂದರೆ ಗರಿಕೆಗೆ ಸ್ವಲ್ಪ ಬೆಳಕು ಸಿಗುತ್ತದೆ.

ಅಂದಹಾಗೆ, ಸಿಲ್ವರ್ ಓಕ್ ನೆರಳಲ್ಲಿ ಹಳದಿಯಾಗಿದ್ದರೆ ಇದ್ಯಾವುದೂ ಕೆಲಸ ಮಾಡಲ್ಲ. ಗರಿಕೆಗೆ ನೆರಳು ಆಗಿಬರುವುದಿಲ್ಲ. ಅಲ್ಲಿ ಅಗಲ ಎಲೆಯ ಬಫೆಲೋ ಹುಲ್ಲು ನೆಡಿ.