ವಿಒಆರ್‌ಗೆ ವಿಮಾನ ಎಲ್ಲಿದೆ ಅಂತ ಗೊತ್ತಿರುತ್ತಾ?

ವಿಮಾನ ಏನನ್ನೂ ಕಳಿಸದೆ, ಬರೀ ಕೇಳಿಸಿಕೊಂಡೇ, ದಿಕ್ಕು ತೋರಿಸುವ ನೆಲದ ರೇಡಿಯೋ ಸ್ಟೇಷನ್ ಆದ ವಿಒಆರ್‌ನಿಂದ ದಿಕ್ಕು ಹೇಗೆ ತಿಳಿಯುತ್ತೆ ಅಂತ ಕೇಳಿದ್ದೀರಿ. ಸ್ಟೇಷನ್ನಿಗೆ ನಿಮ್ಮ ಸುಳಿವೇ ಇರಲ್ಲ ಸಾರ್. ಒಂದು ಲೈಟ್‌ಹೌಸ್ ಅಂದ್ಕೊಳ್ಳಿ: ಸುತ್ತುವ ಬೆಳಕು ಉತ್ತರಕ್ಕೆ ತಿರುಗಿದಾಗಲೆಲ್ಲ ಎಲ್ಲ ದಿಕ್ಕಿಗೂ ಒಟ್ಟಿಗೇ ಕಾಣುವ ಹಾಗೆ ಇನ್ನೊಂದು ದೀಪ ಮಿಂಚುತ್ತೆ. ಆ ಮಿಂಚಿನಿಂದ ಬೆಳಕು ನಿಮ್ಮ ಮೇಲೆ ಬೀಳೋ ತನಕದ ಹೊತ್ತು ಎಣಿಸಿದರೆ ದಿಕ್ಕು ಸಿಕ್ಕಿತು. ವಿಒಆರ್‌ನಲ್ಲಿ ಬೆಳಕಿನ ಬದಲು ಅಂಥದ್ದೇ ಎರಡು ರೇಡಿಯೋ ಸಿಗ್ನಲ್; ಸುತ್ತು ಸೆಕೆಂಡಿಗೆ 30. ಎರಡು ಸಿಗ್ನಲ್‌ಗಳ ಫೇಸ್ ವ್ಯತ್ಯಾಸ, ಅಂದ್ರೆ ಒಂದಕ್ಕಿಂತ ಇನ್ನೊಂದು ಸುತ್ತಿನ ಎಷ್ಟು ಭಾಗ ತಡ ಅನ್ನೋದು, 90 ಡಿಗ್ರಿ ಬಂದರೆ ನೀವು ಸ್ಟೇಷನ್ನಿನ ಪೂರ್ವಕ್ಕಿದ್ದೀರಿ. ವಿಮಾನದ ಮೂತಿ ಎತ್ತ ಇದ್ದರೂ ಈ ಲೆಕ್ಕ ಬದಲಾಗಲ್ಲ, ಹೊಸಬರು ಎಡವೋದೇ ಇಲ್ಲಿ. ದೂರ ಬೇಕಿದ್ದರೆ ಡಿಎಂಇ ಅನ್ನೋ ಬೇರೆ ಉಪಕರಣ. ಅಲ್ಲಿ ಮಾತ್ರ ವಿಮಾನವೇ ಮೊದಲು ಕೂಗಬೇಕು, ನೆಲದ ಯಂತ್ರ 50 ಮೈಕ್ರೋಸೆಕೆಂಡ್ ತಡೆದು ಓಗೊಡುತ್ತೆ.