ಬಚ್ಚಿಟ್ಟ ಪತ್ರವನ್ನು ಕಾದಂಬರಿಯಿಂದ ತೆಗೆದುಬಿಡಿ

ಪ್ರಿಯ ಲೇಖಕರೇ,

ನೀವು ಕಳುಹಿಸಿದ ಕಾದಂಬರಿಯ ಹಸ್ತಪ್ರತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಣೆಗೆ ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ಆದರೂ ಇದು ಮತ್ತೆ ಕೂತು ಬರೆಯಲು ಯೋಗ್ಯವಾದ ಕೃತಿ ಎಂದು ನನಗೆ ದೃಢವಾಗಿ ಅನ್ನಿಸಿರುವುದರಿಂದ, ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸುವ ಬದಲು ಕಾರಣಗಳನ್ನು ವಿವರವಾಗಿ ತಿಳಿಸುತ್ತಿದ್ದೇನೆ. ಕೆಲವು ಮಾತುಗಳು ಕಟುವಾಗಿ ಕಾಣಬಹುದು. ನಿಮ್ಮ ಬರವಣಿಗೆಯ ಮೇಲಿನ ಗೌರವದಿಂದಲೇ ಅವನ್ನು ಬರೆದಿದ್ದೇನೆಂದು ದಯವಿಟ್ಟು ತಿಳಿಯಿರಿ.

ನಿಮ್ಮ ಕಥೆಯ ಹಂದರ ಹೀಗಿದೆ. 22ನೇ ವಯಸ್ಸಿನಲ್ಲಿ ಸಣ್ಣ ಊರನ್ನೂ ಪ್ರೀತಿಸಿದವನನ್ನೂ ಬಿಟ್ಟು ನಗರಕ್ಕೆ ಹೋದ ನಾಯಕಿ, 12 ವರ್ಷಗಳ ನಂತರ ತಂದೆ ತೀರಿಕೊಂಡಾಗ ಮನೆ ಮಾರುವುದಕ್ಕೆಂದು ಹಿಂದಿರುಗುತ್ತಾಳೆ. ನಾಯಕ ಅದೇ ಊರಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದಾನೆ. ‘ಹೋಗಬೇಡ’ ಎಂದು ಅವನು ಅಂದು ಬರೆದ ಪತ್ರವನ್ನು ಅವಳ ಚಿಕ್ಕಮ್ಮ ಬಚ್ಚಿಟ್ಟಿದ್ದರೆಂಬುದು 23ನೇ ಅಧ್ಯಾಯದಲ್ಲಿ ಬಯಲಾಗುತ್ತದೆ. ತಪ್ಪು ತಿಳಿವಳಿಕೆ ಕಳೆದು, ಕೊನೆಯ ಅಧ್ಯಾಯದಲ್ಲಿ ಮಳೆಗೆ ಸಿಕ್ಕಿ ಮುದ್ರಣಾಲಯದಲ್ಲೇ ಉಳಿಯಬೇಕಾಗಿ ಬಂದ ಇಬ್ಬರೂ ಒಂದಾಗುತ್ತಾರೆ.

ನನ್ನ ಮುಖ್ಯ ಆಕ್ಷೇಪ ಈ ಪತ್ರದ ಬಗ್ಗೆ. ಇಬ್ಬರು ಬೇರೆಯಾದದ್ದಕ್ಕೆ ಮೂರನೆಯವರ ಕೈವಾಡ ಕಾರಣವೆಂದು ನೀವು ಹೇಳಿದ ಕ್ಷಣದಲ್ಲೇ ಇಬ್ಬರೂ ನಿರ್ದೋಷಿಗಳಾಗಿಬಿಡುತ್ತಾರೆ. ತಪ್ಪೇ ಮಾಡದವರಿಗೆ ಕ್ಷಮೆ ಬೇಕಾಗಿಲ್ಲ, ಬದಲಾವಣೆಯೂ ಬೇಕಾಗಿಲ್ಲ. ಅವರಿಗೆ ಬೇಕಾದದ್ದು ಒಂದು ಮಾಹಿತಿ ಮಾತ್ರ. ಮಾಹಿತಿ ಸಿಕ್ಕಿದ ಮೇಲೆ ಕಥೆ ಮುಗಿದಂತೆಯೇ. ಆದ್ದರಿಂದಲೇ ನಿಮ್ಮ 23ನೇ ಅಧ್ಯಾಯದಿಂದಾಚೆಗೆ ಕಾದಂಬರಿ ನಿಂತ ನೀರಾಗಿದೆ. ಆ ಎಂಟು ಅಧ್ಯಾಯಗಳಲ್ಲಿ ಇಬ್ಬರೂ ಮನೆಯನ್ನು ಸುಣ್ಣಬಣ್ಣ ಮಾಡಿಸುತ್ತಾರೆ, ಹಳೆಯ ದಿನಗಳನ್ನು ನೆನೆಯುತ್ತಾರೆ, ಮಳೆಗಾಗಿ ಕಾಯುತ್ತಾರೆ.

ಪ್ರೇಮಕಾದಂಬರಿ ಪ್ರಕಾರದ ಓದುಗರು ಪುಸ್ತಕ ತೆರೆಯುವ ಮೊದಲೇ ಇಬ್ಬರೂ ಕೊನೆಗೆ ಸೇರುತ್ತಾರೆಂದು ಬಲ್ಲರು. ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘವು ಈ ಬಗೆಯ ಕಾದಂಬರಿಗೆ ಕೊಟ್ಟ ಲಕ್ಷಣದಲ್ಲಿ ಇರುವುದು ಎರಡೇ ಅಂಶ: ಪ್ರೇಮಕಥೆಯೇ ಕೃತಿಯ ಕೇಂದ್ರವಾಗಿರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಹೀಗೆ ಅಂತ್ಯ ಮೊದಲೇ ಗೊತ್ತಿರುವಾಗ ಓದುಗರು ಯಾವುದಕ್ಕಾಗಿ ಪುಟ ತಿರುಗಿಸುತ್ತಾರೆ? ಒಮ್ಮೆ ಬಿಟ್ಟುಹೋದವಳನ್ನು ಇವನು ಮತ್ತೆ ಹೇಗೆ ನಂಬಿಯಾನು, ಬಿಟ್ಟುಹೋದ ತಾನು ಮತ್ತೆ ಹಾಗೆ ಮಾಡೆನೆಂದು ಅವಳು ತನಗೇ ಹೇಗೆ ಖಾತ್ರಿ ಮಾಡಿಕೊಂಡಾಳು ಎಂಬ ಪ್ರಶ್ನೆಗಾಗಿ. ಬಚ್ಚಿಟ್ಟ ಪತ್ರ ಈ ಪ್ರಶ್ನೆಯನ್ನೇ ಅಳಿಸಿಹಾಕಿದೆ.

ಹಾಗಾದರೆ ಬೇರ್ಪಡುವುದಕ್ಕೆ ಕಾರಣ ಯಾವುದಿರಬೇಕು? ಅದನ್ನು ನೀವೇ ಬರೆದಿದ್ದೀರಿ, ಆದರೆ ಗಮನಿಸಿದಂತಿಲ್ಲ. 9ನೇ ಅಧ್ಯಾಯದಲ್ಲಿ ನಾಯಕಿ ತಂದೆಯ ನಿಧನದ ಸೂಚನೆಯನ್ನು ಅಚ್ಚು ಹಾಕಿಸಲು ಮುದ್ರಣಾಲಯಕ್ಕೆ ಬರುತ್ತಾಳೆ. ಅವನು ತಲೆ ಎತ್ತದೆ ಹುಟ್ಟಿದ ಇಸವಿ ಕೇಳುತ್ತಾನೆ. ಅವಳು ಹೇಳುತ್ತಾಳೆ. ಅವನು ಬರೆದುಕೊಳ್ಳುತ್ತಾನೆ, ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ, ಆಮೇಲೆ ಆ ಇಸವಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಇಸವಿ ಬರೆದು ಕರಡನ್ನು ಅವಳ ಕಡೆ ತಿರುಗಿಸುತ್ತಾನೆ. ಸರಿಯಾದದ್ದು ಅವನು ಬರೆದದ್ದೇ ಎಂದು ಅವಳಿಗೆ ಹೊಳೆಯುತ್ತದೆ. ಇಬ್ಬರೂ ಆ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಇಡೀ ಹಸ್ತಪ್ರತಿಯಲ್ಲಿ ನಾನು ಓದುವುದನ್ನು ನಿಲ್ಲಿಸಿ ಮತ್ತೊಮ್ಮೆ ಮೊದಲಿನಿಂದ ಓದಿದ ಪುಟ ಇದೊಂದೇ. ‘ಹೃದಯ’ ಎಂಬ ಪದವಾಗಲಿ ‘ಕಣ್ಣೀರು’ ಎಂಬ ಪದವಾಗಲಿ ಇಲ್ಲಿ ಬಂದಿಲ್ಲ. ಆದರೂ ಅವಳ ತಂದೆಯ ಕೊನೆಯ ವರ್ಷಗಳಲ್ಲಿ ಔಷಧಿಯ ಚೀಟಿಗಳ ಮೇಲೆ ವಯಸ್ಸು ಬರೆಸಿದವನು, ಅರ್ಜಿಗಳನ್ನು ತುಂಬಿಕೊಟ್ಟವನು ಅವನೇ ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ನಿಮ್ಮ ಕಾದಂಬರಿ ಇದೇ. ಅವಳು ಹೋದಳು, ಅವನು ಉಳಿದ, ಅವಳು ಮಾಡಬೇಕಾಗಿದ್ದನ್ನು ಅವನು ಮಾಡಿದ. ಅವಳಿಗೆ ಅವನ ಮೇಲೆ ಪ್ರೀತಿ ಇದೆ, ಕೃತಜ್ಞತೆ ಇದೆ, ಆ ಕೃತಜ್ಞತೆಯ ಭಾರದಿಂದ ಹುಟ್ಟಿದ ಸಿಟ್ಟೂ ಇರಬೇಕು. ಅವನಿಗೆ ಪ್ರೀತಿಯ ಜೊತೆಗೆ, ತನ್ನನ್ನು ಯಾರೂ ಕೇಳಿಕೊಳ್ಳದೆ ಹೊತ್ತ ಹೊಣೆಯ ದಣಿವೂ, ‘ನೀನು ಬರಲೇ ಇಲ್ಲವಲ್ಲ’ ಎಂಬ ನೋವೂ ಇರಬೇಕು. ಪತ್ರವನ್ನೂ ಚಿಕ್ಕಮ್ಮನ ಕುತಂತ್ರವನ್ನೂ ಸಂಪೂರ್ಣವಾಗಿ ತೆಗೆದುಹಾಕಿ, ಹೋಗುವ ತೀರ್ಮಾನವನ್ನು ಅವಳದೇ ತೀರ್ಮಾನವಾಗಿ ಮಾಡಿ. ಅದಕ್ಕೆ ಅವಳ ಬಳಿ ಒಳ್ಳೆಯ ಕಾರಣವೂ ಇರಲಿ, ಏಕೆಂದರೆ ಎರಡೂ ಕಡೆ ನ್ಯಾಯವಿದ್ದಾಗ ಮಾತ್ರ ಕಥೆಗೆ ಬಲ ಬರುತ್ತದೆ.

ಇದೇ ವಸ್ತುವಿನ ಬಹು ಹಳೆಯ ಮಾದರಿಯೊಂದನ್ನು ನೆನಪಿಸಬಯಸುತ್ತೇನೆ. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾದ ಅವರ ‘ಪರ್ಸುಯೇಷನ್’ ಕಾದಂಬರಿಯ ನಾಯಕಿ 19ನೇ ವಯಸ್ಸಿನಲ್ಲಿ ಹಿತೈಷಿಯೊಬ್ಬರ ಮಾತಿಗೆ ಒಪ್ಪಿ ಮದುವೆಯ ನಿಶ್ಚಯವನ್ನು ತಾನೇ ಮುರಿದಿರುತ್ತಾಳೆ. ಎಂಟು ವರ್ಷಗಳ ಬಳಿಕ ಅವನು ಮತ್ತೆ ಎದುರಾಗುತ್ತಾನೆ. ಅಲ್ಲಿ ಸಲಹೆ ಇನ್ನೊಬ್ಬರದು, ತೀರ್ಮಾನ ಅವಳದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, 1816ರ ಜುಲೈನಲ್ಲಿ ಆಸ್ಟಿನ್ ಬರೆದು ಮುಗಿಸಿದ ಮೊದಲ ಕರಡಿನಲ್ಲಿ ಇಬ್ಬರ ಮಿಲನ ನಡೆಯುವುದು ಬೇರೊಬ್ಬರು ನಾಯಕನ ಮೂಲಕ ಅವಳಿಗೆ ಒಂದು ಪ್ರಶ್ನೆ ಕೇಳಿಸಿ, ಅವರಿಬ್ಬರೇ ಒಂದು ಕೋಣೆಯಲ್ಲಿ ಉಳಿಯುವಂತಾದಾಗ. ಅದು ಲೇಖಕಿಗೆ ಸಮಾಧಾನ ಕೊಡಲಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟು ಹೊಸದಾಗಿ ಬರೆದರು. ಹೊಸ ರೂಪದಲ್ಲಿ, ಯಾರ ಪ್ರೀತಿ ಹೆಚ್ಚು ಕಾಲ ಉಳಿಯುತ್ತದೆಂದು ನಾಯಕಿ ಇನ್ನೊಬ್ಬರೊಡನೆ ವಾದಿಸುತ್ತಾಳೆ; ಅದೇ ಕೋಣೆಯಲ್ಲಿ ಕೂತು ಬರೆಯುತ್ತಿರುವ ನಾಯಕನ ಕಿವಿಗೆ ಆ ಮಾತು ಬೀಳುತ್ತದೆ; ಅವನು ಅಲ್ಲಿಯೇ ಅವಳಿಗೆ ಪತ್ರ ಬರೆಯುತ್ತಾನೆ. ಕೈಬಿಟ್ಟ ಆ ಪುಟಗಳು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೊದಲನೆಯದರಲ್ಲಿ ಸನ್ನಿವೇಶ ಅವರನ್ನು ಸೇರಿಸಿತು, ಎರಡನೆಯದರಲ್ಲಿ ಅವಳು ಬಾಯಿಬಿಟ್ಟು ಆಡಿದ ಮಾತು ಸೇರಿಸಿತು. ನಿಮ್ಮ ಮಳೆಯ ಅಧ್ಯಾಯ ಮೊದಲನೆಯ ಬಗೆಯದು. ಮಳೆ ಬರದಿದ್ದರೆ ಇವರಿಬ್ಬರೂ ಏನು ಮಾಡುತ್ತಿದ್ದರು ಎಂದು ಕೇಳಿಕೊಳ್ಳಿ. 22ರ ವಯಸ್ಸಿನಲ್ಲಿ ಅವಳು ಮಾಡಲಾರದೆ ಹೋದ ಯಾವ ಕೆಲಸವನ್ನು ಈಗ ಮಾಡಬಲ್ಲಳು ಎಂಬುದರಲ್ಲಿ ನಿಮ್ಮ ಕೊನೆಯ ಅಧ್ಯಾಯ ಅಡಗಿದೆ.

ಇನ್ನು ಊರಿನ ವಿಷಯ. ‘ಇಲ್ಲಿ ಒಂದು ಮನೆಯಲ್ಲಿ ಪಾತ್ರೆ ಬಿದ್ದರೆ ಮೂರು ಬೀದಿಗೆ ಕೇಳಿಸುತ್ತದೆ’ ಎಂದು 2ನೇ ಅಧ್ಯಾಯದಲ್ಲಿ ಚೆನ್ನಾಗಿಯೇ ಬರೆದಿದ್ದೀರಿ. ಅಂಥ ಊರಿನಲ್ಲಿ ಒಂದು ಪತ್ರ 12 ವರ್ಷ ಗುಟ್ಟಾಗಿ ಉಳಿಯಿತೆಂದರೆ ನಂಬುವುದು ಕಷ್ಟ. ಪತ್ರ ತೆಗೆದುಹಾಕಲು ಇದೂ ಒಂದು ಕಾರಣ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಊರಿನವರೆಲ್ಲರೂ ಈ ಇಬ್ಬರೂ ಸೇರಲೆಂದು ಹಾರೈಸುವ ಸಜ್ಜನರೇ ಆಗಿದ್ದಾರೆ. ಸಣ್ಣ ಊರಿನ ನೆನಪು ಬಹಳ ದೊಡ್ಡದು, ಮತ್ತು ಅದು ಪಕ್ಷ ವಹಿಸುತ್ತದೆ. ಅವನು ಒಂಟಿಯಾಗಿ ಅವಳ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ದದ್ದನ್ನು ಕಂಡವರು ಅವಳನ್ನು ನಗುನಗುತ್ತಾ ಸ್ವಾಗತಿಸಲಾರರು. ಊರಿನವರಿಗೆ ಅವಳು ಇನ್ನೂ ಬಿಟ್ಟುಹೋದ ಹುಡುಗಿಯೇ. ಬದಲಾದ ತನ್ನನ್ನು ಬದಲಾಗದ ಕಣ್ಣುಗಳ ಎದುರು ದಿನವೂ ಸಾಬೀತುಪಡಿಸಬೇಕಾದ ಈ ಸಂಕಟಕ್ಕಾಗಿಯೇ ಇಂಥ ಕಥೆಗಳು ಸಣ್ಣ ಊರನ್ನು ಆರಿಸಿಕೊಳ್ಳುತ್ತವೆ. ನಿಮ್ಮ ಹಸ್ತಪ್ರತಿಯಲ್ಲಿ ಊರು ಬರಿಯ ಹಿನ್ನೆಲೆಯ ಚಿತ್ರವಾಗಿ ಉಳಿದಿದೆ.

ನಾಯಕನ ದೃಷ್ಟಿಯಿಂದ ಬರೆದ ನಾಲ್ಕು ಅಧ್ಯಾಯಗಳಲ್ಲೂ ಅವನು ಅವಳನ್ನು ಮರೆತಿಲ್ಲವೆಂಬುದನ್ನೇ ಹೇಳುತ್ತಾನೆ. 12 ವರ್ಷ ಅವನು ಕಾಯುತ್ತಾ ಕೂತಿದ್ದನೇ? ಕೆಲಸದಲ್ಲಿ ಕಷ್ಟನಷ್ಟ, ಬೇರೊಬ್ಬರ ಮೇಲೆ ಮೂಡಿದ ಒಲವು, ಅವಳಿಲ್ಲದೆಯೂ ಸುಖವಾಗಿದ್ದ ಒಂದೆರಡು ವರ್ಷ, ಏನಾದರೂ ಇರಬೇಕು. ಕಾಯುವುದೊಂದೇ ಕೆಲಸವಾದ ಪಾತ್ರ ಓದುಗರಿಗೆ ಬೇಗ ಸಪ್ಪೆಯಾಗುತ್ತದೆ.

ಉಳಿದವು ಸಣ್ಣ ವಿಷಯಗಳು. ಮೊದಲ ಮೂರು ಅಧ್ಯಾಯಗಳು ಪೂರ್ತಿ ಹಿನ್ನೋಟದಲ್ಲಿ ಕಳೆದಿವೆ. ಅವುಗಳಲ್ಲಿರುವ ಸಂಗತಿಗಳನ್ನು ಮುಂದೆ ಅಗತ್ಯ ಬಿದ್ದಲ್ಲಿ ತುಣುಕುತುಣುಕಾಗಿ ಕೊಟ್ಟರೆ ಸಾಕು. ಈ ಪ್ರಕಾರದ ಸಮಕಾಲೀನ ಕಾದಂಬರಿಗಳು ಸಾಮಾನ್ಯವಾಗಿ 50,000ದಿಂದ 90,000 ಪದಗಳೊಳಗೆ ಇರುತ್ತವೆ, ನಿಮ್ಮದು 1,20,000 ದಾಟಿದೆ. ಹಿನ್ನೋಟದ ಅಧ್ಯಾಯಗಳೂ ಪತ್ರದ ಪ್ರಸಂಗವೂ ಹೋದರೆ ಗಾತ್ರ ತಾನಾಗಿ ಹತೋಟಿಗೆ ಬರುತ್ತದೆ. ‘ಅವನನ್ನು ಕಂಡೊಡನೆ ಅವಳ ಹೃದಯ ಒಂದು ಕ್ಷಣ ನಿಂತೇಹೋಯಿತು’ ಎಂಬಂಥ ವಾಕ್ಯಗಳು ಬಂದಲ್ಲೆಲ್ಲಾ, ಆ ಕ್ಷಣದಲ್ಲಿ ಅವಳ ಕೈ ಏನು ಮಾಡುತ್ತಿತ್ತು, ಕಣ್ಣು ಎಲ್ಲಿತ್ತು ಎಂದು ಬರೆಯಿರಿ. ನಿಮಗೆ ಅದು ಬರುತ್ತದೆ.

ಈಗಲೇ ವಾಕ್ಯಗಳನ್ನು ತಿದ್ದಲು ಕೂರಬೇಡಿ. ಮೊದಲು ಒಂದೇ ಪುಟದಲ್ಲಿ ಮೂರು ವಿಷಯ ಬರೆದುಕೊಳ್ಳಿ: ಅವಳು ಏಕೆ ಹೋದಳು, ಆ ವರ್ಷಗಳಲ್ಲಿ ಅವನು ಹೇಗೆ ಬದುಕಿದ, ಕೊನೆಯಲ್ಲಿ ಅವಳು ತಾನಾಗಿ ಏನು ಮಾಡುತ್ತಾಳೆ. ಅದು ನಿಮಗೇ ಒಪ್ಪಿಗೆಯಾದ ಮೇಲೆ ಆರಂಭದ ಐದು ಅಧ್ಯಾಯಗಳನ್ನು ಹೊಸದಾಗಿ ಬರೆದು, ಆ ಪುಟದೊಂದಿಗೆ ನನ್ನ ಹೆಸರಿಗೇ ಕಳುಹಿಸಿ. ಪೂರ್ತಿ ಹಸ್ತಪ್ರತಿ ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ. ಅಷ್ಟನ್ನು ಓದಿ ಮುಂದಿನ ಮಾತು ಬರೆಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಸಂಪಾದಕ